ಒಂದು ಮನೆ ಹಿಂದೆ

ಏನಾದರೂ ಕೆಡದ ಹೊರತು ಅವನ ಅಂಗಡಿಯ ಮೆಟ್ಟಿಲು ಹತ್ತುವವರಿರಲಿಲ್ಲ. ವಾಲ್ವ್ ರೇಡಿಯೋ ಕಾಲದ ವೋಲ್ಟ್ ಮೀಟರು, ಆಸಿಲೋಸ್ಕೋಪು, ಸಿಗ್ನಲ್ ಜನರೇಟರುಗಳ ಮುರಿದ ಸ್ವಿಚ್ಚುಗಳನ್ನು ಸರಿಮಾಡುವುದು ಅವನ ಕಸುಬು. ಸರಿಹೋದದ್ದನ್ನು ಹೊತ್ತುಕೊಂಡು ಹೋದವರು ಮತ್ತೆ ಇತ್ತ ತಲೆ ಹಾಕುತ್ತಿರಲಿಲ್ಲ. ಮೇಜಿನ ಮೇಲೆ ಒಂದೇ ಒಂದು ಚಹಾ ಲೋಟ. ಫೋನ್ ಮಾಡಿದಾಗಲೆಲ್ಲ ಅಕ್ಕ ಕಿಚಾಯಿಸುತ್ತಿದ್ದಳು: “ಸ್ವಲ್ಪ ಕೆಟ್ಟದಾಗಿ ರಿಪೇರಿ ಮಾಡೋ. ಜಗಳಕ್ಕಾದ್ರೂ ಜನ ಬರ್ತಾರೆ.”

ಅಕ್ಕನ ಬಾಯಿಗೆ ಸಕ್ಕರೆ ಹಾಕಬೇಕು. ಒಂದು ಮಧ್ಯಾಹ್ನ ಜಗಳಕ್ಕೆಂದೇ ಒಬ್ಬಳು ಬಂದಳು.

ಮನೆಯಲ್ಲೇ ಹಳೆಯ ರೇಡಿಯೋ ರಿಪೇರಿ ಮಾಡುವವಳು. ಹಿಂದಿನ ವಾರ ಅವಳ ವೋಲ್ಟ್ ಮೀಟರನ್ನು ಅವನೇ ಸರಿಮಾಡಿ ಕೊಟ್ಟಿದ್ದ. ಎಷ್ಟು ವೋಲ್ಟಿನವರೆಗೆ ಅಳೆಯಬೇಕೆಂದು ಆರಿಸುವ ಅದರ ರೇಂಜ್ ಸ್ವಿಚ್ಚು ಎಲ್ಲೂ ನಿಲ್ಲದೆ ಜಾರುತ್ತಿತ್ತು. ಒಳಗಿನ ಸ್ಪ್ರಿಂಗ್ ಮುರಿದಿದ್ದರಿಂದ ಉಕ್ಕಿನ ಪಟ್ಟಿಯನ್ನು ಅರದಿಂದ ಉಜ್ಜಿ ಹೊಸದನ್ನು ಮಾಡಿ ಹಾಕಿದ್ದ. ಒಯ್ಯುವಾಗ ಅವಳು ನಾಬ್ ತಿರುಗಿಸಿ, ಟಕ್ ಟಕ್ ಸದ್ದು ಕೇಳಿ, ಓರೆಗಣ್ಣಿನಲ್ಲಿ ಅವನನ್ನು ನೋಡಿ ನಕ್ಕಿದ್ದಳು. ಆ ನಗುವಿನ ಗುಂಗಿನಲ್ಲೇ ಅವನು ವಾರ ಕಳೆದಿದ್ದ.

ಈಗ ಆ ಮುಖದಲ್ಲಿ ನಗುವಿರಲಿಲ್ಲ. ಚಹಾ ಲೋಟ ಪಕ್ಕಕ್ಕೆ ತಳ್ಳಿ ಮೀಟರು ಇಟ್ಟಳು.

“ನಾಬನ್ನ ಯಾಕೆ ಬದಲಾಯಿಸಿ ಕೂಡಿಸಿದ್ರಿ?”

ಅದು ಒಂದು ಮನೆ ಹಿಂದೆ ಕೂತಿತ್ತು, ಸ್ವಿಚ್ಚು ಮೂವತ್ತು ವೋಲ್ಟಿನಲ್ಲಿದ್ದರೆ ನಾಬು ಹತ್ತನ್ನು ತೋರಿಸುತ್ತಿತ್ತು, ಸರಿಮಾಡಿದೆ ಎಂದು ಅವನು ತಡವರಿಸಿದ.

“ಸರಿಮಾಡಿ ಅಂತ ನಾನು ಹೇಳಿದ್ನಾ?”

ಅಷ್ಟು ಹೇಳುವಷ್ಟರಲ್ಲಿ ಅವಳ ದನಿ ಇಳಿಯಿತು. ಒಮ್ಮೆ ಅವಳ ಗಂಡ ಮೀಟರು ಬಿಚ್ಚಿ, ಮರಳಿ ಜೋಡಿಸುವ ಅವಸರದಲ್ಲಿ ನಾಬನ್ನು ತಪ್ಪಾಗಿ ಕೂಡಿಸಿದ್ದನಂತೆ. ಅವಳು ಗದರಿದರೆ, ಒಂದು ಮನೆ ಮುಂದೆ ಲೆಕ್ಕ ಹಿಡಿದರಾಯಿತು ಎಂದು ನಕ್ಕಿದ್ದನಂತೆ. ಅವನು ತೀರಿಕೊಂಡ ಮೇಲೂ ಅವಳು ಹಾಗೇ ಓದುತ್ತಿದ್ದಳು.

“ಅವರು ಮಾಡಿದ್ರಲ್ಲಿ ಇನ್ನೂ ನಡೀತಾ ಇದ್ದದ್ದು ಆ ತಪ್ಪೊಂದೇ,” ಅಂದಳು.

ಅವನು ಸಣ್ಣ ಸ್ಕ್ರೂ ಸಡಿಲಿಸಿ, ನಾಬನ್ನು ಮೊದಲಿನಂತೆ ಒಂದು ಮನೆ ಹಿಂದಿಟ್ಟು ಬಿಗಿದ. ಬೇಕೆಂದೇ ತಪ್ಪು ಕೆಲಸ ಮಾಡಿದ್ದು ಅದೇ ಮೊದಲು. ಅವಳು ಅವನ ಕೈಯನ್ನೇ ನೋಡುತ್ತಿದ್ದಳು. ಆಮೇಲೆ ಕಣ್ಣೆತ್ತಿ ಅವನ ಮುಖ ನೋಡಿದಳು, ಮೀಟರು ಎತ್ತಿಕೊಂಡು ಹೊರಟುಹೋದಳು.

ಇನ್ನು ಅವಳು ಬರಲು ಕಾರಣವೇ ಇರಲಿಲ್ಲ. ಅವನು ಹಾಕಿದ ಸ್ಪ್ರಿಂಗ್ ಈ ಜನ್ಮದಲ್ಲಿ ಮುರಿಯುವಂಥದ್ದಲ್ಲ. ಕೊಂಚ ತೆಳ್ಳಗೆ ಉಜ್ಜಬಾರದಿತ್ತೇ ಎಂದುಕೊಂಡು, ಮರುಕ್ಷಣವೇ ನಾಚಿಕೊಂಡ. ಮೆಟ್ಟಿಲಲ್ಲಿ ಹೆಜ್ಜೆ ಸದ್ದಾದಾಗಲೆಲ್ಲ ತಲೆ ಎತ್ತುವನು, ಇನ್ಯಾರೋ ಇನ್ಯಾವುದೋ ಪೆಟ್ಟಿಗೆ ಹೊತ್ತು ನಿಂತಿರುವರು. ಜಗಳಗಂಟಿ ಮತ್ತೆ ಬಂದಳೇನೋ ಎಂದು ಅಕ್ಕ ಕೇಳಿದರೆ ಇಲ್ಲ ಎಂದು ಬೇಗ ಫೋನ್ ಇಟ್ಟುಬಿಡುತ್ತಿದ್ದ. ಸಂಜೆ ಅಂಗಡಿಯ ಬಾಗಿಲೆಳೆದರೆ, ಮರುದಿನ ತೆರೆಯುವವರೆಗೆ ಅವನು ಯಾರೊಂದಿಗೂ ಮಾತಾಡುತ್ತಿರಲಿಲ್ಲ.

ಬೇಸಿಗೆ ಕಳೆದ ಮೇಲೊಂದು ಬೆಳಿಗ್ಗೆ ಅವಳು ಬಂದಳು, ಕೈಚೀಲದಲ್ಲಿ ಅದೇ ಮೀಟರು. ಮುರಿಯಿತೇ ಎಂಬ ಆತಂಕ, ಸದ್ಯ ಮುರಿಯಿತಲ್ಲ ಎಂಬ ಖುಷಿ, ಎರಡೂ ಒಟ್ಟಿಗೇ ಅವನಲ್ಲಿ ಎದ್ದವು. ಅವಳು ಅದನ್ನು ಮೇಜಿನ ಮೇಲಿಟ್ಟಾಗ ಬಗ್ಗಿ ನಾಬ್ ತಿರುಗಿಸಿದ. ಎಲ್ಲೂ ಜಾರಲಿಲ್ಲ. ಮತ್ತೆ ತಿರುಗಿಸಿದ. ಆಗ ಕಣ್ಣಿಗೆ ಬಿತ್ತು: ನಾಬ್ ತನ್ನ ಸರಿಯಾದ ಜಾಗದಲ್ಲೇ ಕೂತಿತ್ತು.

“ನಾನೇ ಕೂಡಿಸ್ದೆ,” ಅಂದಳು. “ಸೀದಾ ಓದೋದು ಅಭ್ಯಾಸ ಆಗ್ತಾ ಇದೆ.”

“ಮತ್ತೆ ಏನು ಕೆಟ್ಟಿದೆ?”

“ಏನೂ ಕೆಟ್ಟಿಲ್ಲ.” ಸ್ಟೂಲು ಎಳೆದುಕೊಂಡು ಕೂತಳು. “ಕೆಡದಿದ್ರೆ ಬರಬಾರದು ಅಂತ ಬೋರ್ಡ್ ಏನೂ ಹಾಕಿಲ್ವಲ್ಲ?”

ಅವನು ಮೀಟರನ್ನು ಮೇಜಿನ ಬದಿಗೆ ಸರಿಸಿದ.

“ನಿಮ್ಮ ಸ್ವಿಚ್ ಕೆಡಲಿ ಅಂತ ದಿನಾ ಅಂದ್ಕೊಳ್ತಿದ್ದೆ,” ಅಂದ.

“ಕೆಡೋ ಹಾಗೆ ಮಾಡಿದ್ರೆ ತಾನೆ,” ಅಂದವಳು ಓರೆಗಣ್ಣಿನಲ್ಲಿ ನೋಡಿ ನಕ್ಕಳು.

ಇದ್ದ ಒಂದು ಲೋಟವನ್ನು ಅವನು ಚೆನ್ನಾಗಿ ತೊಳೆದು ಅವಳಿಗೆ ಚಹಾ ಕೊಟ್ಟ. ತಾನು ಫ್ಲಾಸ್ಕಿನ ಮುಚ್ಚಳದಲ್ಲಿ ಕುಡಿದ.