ಮೊತ್ತಕ್ಕೆ ಸೇರದ ಆರು ಡಬ್ಬ

ಹದಿನಾಲ್ಕನೇ ತಾರೀಕು ಬೆಳಿಗ್ಗೆ 10.20ಕ್ಕೆ ಹೆರಿಗೆ ಆಸ್ಪತ್ರೆಯ ಮೇಲ್ವಿಚಾರಕರು ಠಾಣೆಗೆ ಬಂದು ದೂರು ಕೊಟ್ಟರು. ರಸೀದಿಗಳ ಪ್ರಕಾರ ಬಂದ ಹಾಲಿನ ಪುಡಿ ಡಬ್ಬ 126. ಉಗ್ರಾಣದ ಎಕ್ಸೆಲ್ ಶೀಟಿನ ಮೊತ್ತ 120. ಆರು ಡಬ್ಬ ಮಂಗಮಾಯ. ಬೀಗದ ಕೈ ಇದ್ದದ್ದು ಉಗ್ರಾಣ ನೋಡಿಕೊಳ್ಳುವ ಹಿರಿಯರ ಬಳಿ. ಅವರ ನಿವೃತ್ತಿಗೆ ಒಂಬತ್ತೇ ದಿನ, ಕೇಸು ಬಿದ್ದರೆ ಪಿಂಚಣಿಗೆ ಕಲ್ಲು. ಎಫ್‌ಐಆರ್ ದಾಖಲಾಯಿತು.

11.45, ಉಗ್ರಾಣ. "ನಾನು ಮುಟ್ಟಿಲ್ಲ ಸಾರ್" ಎನ್ನುತ್ತ ಹಿರಿಯರು ಬೀಗದ ಕೈಯನ್ನು ಮೇಜಿನ ಮೇಲಿಟ್ಟರು. ಇನ್‌ಸ್ಪೆಕ್ಟರಿಗೆ ಅಯ್ಯೋ ಅನ್ನಿಸಿತು. ಅನ್ನಿಸಿದರೇನು, ತನಿಖೆ ನಿಲ್ಲುತ್ತದೆಯೇ?

ಮಹಿಳಾ ಪೇದೆ ಶೀಟನ್ನು ಸಾಲುಸಾಲಾಗಿ ಓದಿದಳು. "ಸಾರ್, ಆರೂ ಡಬ್ಬ ಇಲ್ಲೇ ಬರೆದಿದೆ! ಮೊತ್ತಕ್ಕೆ ಮಾತ್ರ ಸೇರಿಲ್ಲ."

ಮೊತ್ತದ ಮೇಲೆ ಒಂದು ಖಾಲಿ ಸಾಲು ಬಿಟ್ಟಿತ್ತು. ಸೂತ್ರ ಮೊದಲ ಸಾಲಿನಿಂದ ಆ ಖಾಲಿ ಸಾಲಿನವರೆಗೆ ಕೂಡುತ್ತದೆ. ಹೊಸ ಸಾಲನ್ನು ಅದರ ಮೇಲೆ ಸೇರಿಸಿದರೆ ಸೂತ್ರವೂ ತಾನಾಗಿ ಹಿಗ್ಗುತ್ತದೆ. ಎರಡೆರಡು ಡಬ್ಬದ ಮೂರು ಸಾಲು ಮಾತ್ರ ಖಾಲಿಯ ಕೆಳಗೆ, ಲೆಕ್ಕದ ಹೊರಗೆ ಕೂತಿದ್ದವು. ನಮೂದಿಸಿದವರ ಕಾಲಂನಲ್ಲಿ ಆಸ್ಪತ್ರೆಯ ಟೈಪಿಸ್ಟಳ ಹೆಸರು.

"ಕೆಲಸಕ್ಕೆ ಹೊಸಬಳಾ?" ಇನ್‌ಸ್ಪೆಕ್ಟರು ಕೇಳಿದರು.

"ಆ ಖಾಲಿ ಸಾಲು ಇಟ್ಟವಳೇ ಅವಳು ಸಾರ್" ಎಂದರು ಹಿರಿಯರು. "ನನಗೂ ಬೈದು ಬೈದು ಕಲಿಸಿದಳು."

2.10, ಟೈಪಿಸ್ಟಳ ವಿಚಾರಣೆ.

"ಗೊತ್ತಿದ್ದೂ ಕೆಳಗೆ ಯಾಕೆ ಸೇರಿಸಿದಿರಿ?"

"ಮೇಲೆ ಸೇರಿಸಿದ್ರೆ ಮೊತ್ತದಲ್ಲಿ ಬರ್ತಿತ್ತು. ಬರೀದೇ ಬಿಡೋಕೆ ಮನಸ್ಸು ಒಪ್ಪಲಿಲ್ಲ ಸಾರ್."

"ಡಬ್ಬ ಎಲ್ಲಿ?"

"ಉಗ್ರಾಣದೊಳಗೆ ಇಡೋ ಮೊದಲೇ ತೆಗೆದು ಅವಳಿ ಕೂಸುಗಳಿಗೆ ಕೊಟ್ಟೆ. ಹೆರಿಗೇಲಿ ತಾಯಿ ತೀರಿಕೊಂಡ್ಲು. ಮನೆಗೆ ಕಳಿಸಿದ ಮೇಲೆ ಹಾಲು ಕೊಡೋಕೆ ನಿಯಮ ಇಲ್ವಂತೆ. ಎರಡು ಸಲ ಅರ್ಜಿ ಟೈಪ್ ಮಾಡಿದೆ. ಆಗಲ್ಲ ಅನ್ನೋ ಉತ್ತರಾನೂ ನಾನೇ ಟೈಪ್ ಮಾಡಬೇಕಾಯ್ತು."

3.30ಕ್ಕೆ ಅವಳಿಗಳ ಅಜ್ಜಿಯ ಕೋಣೆಯಲ್ಲಿ ಪಂಚನಾಮೆ: ಖಾಲಿ ಡಬ್ಬ ನಾಲ್ಕು, ತುಂಬಿದ್ದು ಎರಡು. ಜಪ್ತಿ ಆಗಲೇಬೇಕು.

"ಸಂಜೆಗೆ ಏನು ಕುಡಿಸ್ಲಪ್ಪ?" ಎಂದಳು ಅಜ್ಜಿ.

ಇನ್‌ಸ್ಪೆಕ್ಟರು ಪೆನ್ನು ಮುಚ್ಚಿ ಪೇದೆಯ ಕೈಗೆ ತಮ್ಮ ಪರ್ಸ್ ಕೊಟ್ಟರು. ಅವಳು ಅಂಗಡಿಯಿಂದ ಅಂಥವೇ ಎರಡು ಡಬ್ಬ ತಂದಿಟ್ಟ ಮೇಲೆಯೇ ಪಂಚನಾಮೆ ಮುಂದುವರಿಯಿತು.

5.00ಕ್ಕೆ ಟೈಪಿಸ್ಟಳ ಬಂಧನ. ಉಗ್ರಾಣದ ಹಿರಿಯರು ಏದುಸಿರು ಬಿಡುತ್ತ ಠಾಣೆಗೆ ಬಂದರು.

"ನನ್ನ ತಲೆ ಮೇಲೆ ಗೂಬೆ ಕೂರಿಸಿದ್ಯಲ್ಲೇ ಪುಣ್ಯಾತ್ಗಿತ್ತಿ! ಕೇಳಿದ್ರೆ ನಾನೇ ಕೊಡ್ತಿರಲಿಲ್ವಾ?"

"ಕೊಡ್ತಿದ್ರಿ" ಎಂದಳು. "ನಿಮ್ಮ ಪಿಂಚಣಿ ಹೋಗ್ತಿತ್ತು. ಅದಕ್ಕೇ ಕೇಳಲಿಲ್ಲ."

ಹಿರಿಯರು ಕಣ್ಣೊರೆಸಿಕೊಂಡು ಬೆಂಚಿನ ಮೇಲೆ ಕೂತರು.

"ಈಕೆಗೆ ಜಾಮೀನು ಯಾರು?" ಠಾಣೆಯ ಬರಹಗಾರ ಕೇಳಿದ.

"ನಾನು."

"ಸಂಬಂಧ?"

"ಮಗಳು ಅಂತ ಬರ್ಕೊಳಪ್ಪ."