ಸೀಟಿ ಸರ್ ಅವರ ಫಾರಿನ್ ವಾಚು

"ಏ ಕಡ್ಡಿ, ಗಾಜಿನ ಒಳಗೆ ಹೊಗೆ ತುಂಬ್ಕೊಂಡಿದೆ ಕಣೇ!" ಗೆಳತಿ ವಟವಟಿ ಕಿರುಚಿದಳು.

ಕಡ್ಡಿ ಬಕೆಟ್ಟಿನಿಂದ ಕೈ ಹೊರಗೆಳೆದಳು. ಅಂಗೈಯಲ್ಲಿ ಸೀಟಿ ಸರ್ ಅವರ ವಾಚು. ಗಾಜಿನೊಳಗೆ ಇದ್ದದ್ದು ಹೊಗೆಯಲ್ಲ, ಮಂಜು. ಅದರ ನಡುವೆ ಒಂದು ನೀರಿನ ಹನಿ ಏಳರಿಂದ ಆರಕ್ಕೆ ಆರಾಮಾಗಿ ಉರುಳಿತು.

"ಮುಳುಗಿಸು ಅಂದಿದ್ದು ನೀನೇ ತಾನೆ?" ಕಡ್ಡಿ ವಾಚನ್ನು ಲಂಗಕ್ಕೆ ಒರೆಸಿದಳು.

"ನಾನಾ? ಸರ್ ಹೇಳಿದ್ದು! ಸಮುದ್ರದಲ್ಲಿ ನೂರು ಮೀಟರ್ ಕೆಳಗೆ ಹೋದ್ರೂ ಏನೂ ಆಗಲ್ಲ ಅಂತ. ಈ ಬಕೆಟ್ಟು ಅರ್ಧ ಮೀಟರೂ ಇಲ್ಲ!"

ಮಾತು ನಿಜವೇ. ಸದಾ ಕೊರಳಲ್ಲಿ ಸೀಟಿ ನೇತುಹಾಕಿಕೊಂಡಿರುವ ಆಟದ ಮೇಷ್ಟ್ರು ತಿಂಗಳಿಡೀ ಇದನ್ನೇ ಹೇಳಿದ್ದರು. ಫಾರಿನ್ ಮಾಲು, ಒಂದು ಕಾರಿನ ಬೆಲೆ. "ಕಾರನ್ನೇ ಕೈಗೆ ಕಟ್ಕೊಂಡು ಓಡಾಡ್ತಿದ್ದೀನಿ ಕಣ್ರೋ" ಎಂದು ನಗುತ್ತಿದ್ದರು. ಇವತ್ತು ವಾಲಿಬಾಲ್ ಆಡುವ ಮೊದಲು ಅದನ್ನು ಬಿಚ್ಚಿ, ಇಡೀ ಕ್ಲಾಸಿನಲ್ಲಿ ಕಡ್ಡಿಯ ಕೈಗೇ ಕೊಟ್ಟು "ಜೋಪಾನ ಮರಿ" ಎಂದಿದ್ದರು. ಜೋಪಾನ ಮಾಡಿದ ಚಂದ ನೋಡಿ!

ತಪ್ಪಾಯಿತು ಅನ್ನೋಣವೆಂದು ಓಡಿದರೆ ಸರ್ ಇಲ್ಲ. ಮಗುವಿಗೆ ಜ್ವರ ಎಂದು ಮನೆಯಿಂದ ಫೋನ್ ಬಂದು, ಆಟ ಅರ್ಧಕ್ಕೇ ಬಿಟ್ಟು ಹೋಗಿದ್ದರು. ವಾಚಿನ ನೆನಪೇ ಆಗಿರಲಿಲ್ಲ ಅವರಿಗೆ.

ಕಾರಿನ ಬೆಲೆ! ಕಡ್ಡಿಯ ಮನೆಯಲ್ಲಿ ಬೆಲೆ ಬಾಳುವ ವಸ್ತು ಅಂದರೆ ಅಮ್ಮನ ಹೊಲಿಗೆ ಮಷೀನು ಒಂದೇ. ಅದನ್ನು ಮಾರಿಬಿಡುತ್ತಾರಾ? ಮಾರಿದರೆ ಅಮ್ಮ ಆಮೇಲೆ ಏನು ಮಾಡುತ್ತಾಳೆ? ಬೆಲ್ ಹೊಡೆದದ್ದೇ ತಡ, ಅವಳು ಚಿಕ್ಕಮ್ಮನ ವಾಚ್ ರಿಪೇರಿ ಅಂಗಡಿಗೆ ಓಡಿದಳು.

ಅಂಗಡಿ ಅಂದರೆ ದೊಡ್ಡ ಕಟ್ಟಡವೊಂದರ ಮೆಟ್ಟಿಲ ಕೆಳಗಿನ ಗೂಡು. ಇಬ್ಬರು ನಿಂತರೆ ಮೂರನೆಯವರು ಉಸಿರು ಬಿಗಿಹಿಡಿಯಬೇಕು, ಅಷ್ಟೇ ಜಾಗ.

"ಏನೇ ಇದು, ದೆವ್ವ ಕಂಡವಳ ಥರ?" ಎಂದಳು ಚಿಕ್ಕಮ್ಮ.

ಕಡ್ಡಿ ಅಳುತ್ತಲೇ ಎಲ್ಲ ಹೇಳಿದಳು. ಚಿಕ್ಕಮ್ಮ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ವಾಚನ್ನು ನೋಡಿದಳು, ನೋಡಿದಳು, ನೋಡುತ್ತಲೇ ಇದ್ದಳು.

"ಕೆಟ್ಟೋಯ್ತಾ ಚಿಕ್ಕಮ್ಮಾ?"

"ಶ್! ಈ ಸೆಕೆಂಡ್ ಮುಳ್ಳು ನೋಡು. ಹೇಗೆ ಹೋಗ್ತಿದೆ?"

"ಟಿಕ್... ಟಿಕ್... ಕುಂಟ್ಕೊಂಡು ಹೋಗ್ತಿದೆ."

"ಈ ಕಂಪನಿಯ ಇಂಥ ವಾಚಲ್ಲಿ ಮುಳ್ಳು ಕುಂಟಲ್ಲ ಕಣೇ. ಒಳಗೆ ಸ್ಪ್ರಿಂಗ್ ಇರುತ್ತೆ, ಎಣ್ಣೆ ಮೇಲೆ ಜಾರಿದ ಹಾಗೆ ಜಾರುತ್ತೆ. ಇಲ್ಲಿ ಬಾ, ಅಕ್ಷರ ನೋಡು."

ಭೂತಗನ್ನಡಿ ಈಗ ಕಡ್ಡಿಯ ಕಣ್ಣಿಗೆ ಬಂತು. ದೂರದಿಂದ ಫಳಫಳ ಹೊಳೆಯುತ್ತಿದ್ದ ಕಂಪನಿಯ ಹೆಸರು ಹತ್ತಿರದಿಂದ ಒದ್ದೆ ಕಾಗದದ ಮೇಲಿನ ಇಂಕಿನಂತೆ ಹರಡಿಕೊಂಡಿತ್ತು. ಚಿಕ್ಕಮ್ಮ ಹಿಂದಿನ ಮುಚ್ಚಳ ಬಿಚ್ಚಿದಳು. ಒಳಗೊಂದು ಪುಟ್ಟ ಬ್ಯಾಟರಿ, ಸುತ್ತ ಬಿಳಿ ಪ್ಲಾಸ್ಟಿಕ್.

"ನೀರು ತಡೆಯೋ ರಬ್ಬರೇ ಇಲ್ಲ! ಮಳೇಲಿ ನೆಂದಿದ್ರೂ ಇದೇ ಗತಿ. ಡೂಪ್ಲಿಕೇಟು ಕಣೇ. ಕಾರೂ ಇಲ್ಲ, ಗೀರೂ ಇಲ್ಲ." ಚಿಕ್ಕಮ್ಮ ನಕ್ಕಳು.

ಅಬ್ಬಾ! ಕಡ್ಡಿಗೆ ಹೋದ ಜೀವ ಬಂದಂತಾಯಿತು. ಆದರೆ ಒಂದೇ ನಿಮಿಷ. "ಸರ್ ನಂಬದೇ ಇದ್ರೆ? ನೀನೇ ಅಸಲಿದು ಎತ್ತಿಟ್ಕೊಂಡು ನಕಲಿದು ಕೊಟ್ಟೆ ಅಂದ್ರೆ?"

ಚಿಕ್ಕಮ್ಮನ ನಗು ನಿಂತುಹೋಯಿತು. "ಅನ್ನಬಹುದು. ಹಿಂದೆ ಒಬ್ಬರು ಅಂದಿದ್ರು. ಬಿಚ್ಚಿದವರ ಮೇಲೇ ಮೊದಲು ಕಣ್ಣು ಬೀಳೋದು. ಆಮೇಲೆ ಎಷ್ಟೋ ತಿಂಗಳು ಅಂಗಡಿಗೆ ಯಾರೂ ಬರಲೇ ಇಲ್ಲ." ಅವಳು ವಾಚಿನ ನೀರು ಒರೆಸಿ, ದೀಪದ ಕೆಳಗೆ ಒಣಗಲು ಇಟ್ಟಳು. "ನೀರಿಗೆ ಹಾಕಿದ್ದು ನೀನು, ಬಿಚ್ಚಿದ್ದು ನಾನು. ಇದ್ದದ್ದು ಇದ್ದ ಹಾಗೆ ಹೇಳು. ಅವರೇನಾದ್ರೂ ಅಂದ್ರೆ ನನ್ನ ಕರಿ."

ಮರುದಿನ ಕಡ್ಡಿ ವಾಚು ಹಿಡಿದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಳು. ಒಳಗೆ ಸೀಟಿ ಸರ್ ಒಬ್ಬರೇ ಇರಲಿಲ್ಲ. ಲೆಕ್ಕದ ಮಿಸ್ ಇದ್ದರು, ಹೆಡ್ ಮಿಸ್ ಕೂಡ ಇದ್ದರು.

"ಸರ್, ನಿಮ್ಮ ವಾಚನ್ನ ನೀರಿಗೆ ಹಾಕ್ಬಿಟ್ಟೆ. ಒಳಗೆ ನೀರು ಹೋಯ್ತು. ತಪ್ಪಾಯ್ತು ಸರ್." ಒಂದೇ ಉಸಿರಿಗೆ ಹೇಳಿ ಕಣ್ಣು ಮುಚ್ಚಿಕೊಂಡಳು.

"ಅಯ್ಯಯ್ಯೋ!" ಎಂದರು ಲೆಕ್ಕದ ಮಿಸ್. "ನೀರು ಹೋಗಲ್ಲ ಅಂತಿದ್ರಲ್ಲ ಸರ್ ನೀವು?"

ಕಡ್ಡಿ ಬೈಗುಳಕ್ಕೆ ಕಾದಳು. ಬರಲಿಲ್ಲ. ಕಣ್ಣು ಬಿಟ್ಟರೆ, ಸರ್ ವಾಚಿನ ಕಡೆ ನೋಡುತ್ತಲೇ ಇರಲಿಲ್ಲ. ಹೆಡ್ ಮಿಸ್ ಕಡೆ ಒಮ್ಮೆ ನೋಡಿದರು, ಆಮೇಲೆ ಕಡ್ಡಿಯ ಕಡೆ.

"ಯಾರಾದ್ರೂ ಬಿಚ್ಚಿದ್ರಾ ಇದನ್ನ?" ಮೈದಾನದ ಆ ತುದಿಗೆ ಕೇಳಿಸುತ್ತಿದ್ದ ಅವರ ದನಿ ಪಿಸುಮಾತಾಗಿತ್ತು.

"ಹೂಂ ಸರ್. ನಮ್ಮ ಚಿಕ್ಕಮ್ಮ. ವಾಚ್ ರಿಪೇರಿ ಮಾಡ್ತಾರೆ."

ಸರ್ ಮುಖ ಬಿಳಿಚಿಕೊಂಡಿತು. "ಏನಂದ್ರು?"

ಕಡ್ಡಿಗೆ ಗೊತ್ತಾಗಿಹೋಯಿತು. ಸರ್‌ಗೆ ಮೊದಲಿಂದಲೂ ಗೊತ್ತಿತ್ತು! ಹೇಳಬೇಕಾದ ಮಾತು ಅವಳ ನಾಲಿಗೆಯ ತುದಿಗೇ ಬಂದಿತ್ತು. ಮಿಸ್ ಇಬ್ಬರೂ ಕಿವಿಗೊಟ್ಟು ಕೂತಿದ್ದರು. ನಿನ್ನೆಯಿಂದ ಅವಳ ಹೊಟ್ಟೆಯೊಳಗಿದ್ದ ಭಯ ಈಗ ಸರ್ ಮುಖದ ಮೇಲೆ ಬಂದು ಕೂತಿತ್ತು.

"ಒಣಗಿಸಿದ್ದೀನಿ, ನಡೀತಿದೆ, ಇನ್ಮೇಲೆ ನೀರಿಗೆ ಹಾಕ್ಬೇಡಿ ಅಂದ್ರು ಸರ್."

"ಅಷ್ಟೇನಾ?"

"ಅಷ್ಟೇ ಸರ್."

ಸರ್ ವಾಚು ಇಸಿದುಕೊಂಡು ಕಟ್ಟಿಕೊಳ್ಳಲು ಹೋದರು. ಕೊಂಡಿ ಜಾರಿತು. ಮತ್ತೆ ಹಾಕಿದರು, ಮತ್ತೆ ಜಾರಿತು.

"ಕೊಡಿ ಸರ್" ಎಂದು ಕಡ್ಡಿ ಮುಂದೆ ಬಂದಳು. ಅಷ್ಟು ದೊಡ್ಡ ಕೈ ತಣ್ಣಗಿತ್ತು. ಕೊಂಡಿ ಸಿಕ್ಕಿಕೊಳ್ಳುವವರೆಗೂ ಅವಳು ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು.