ಸೊಟ್ಟಗಾದ ಮೊಳೆ

ಮುದುಕ ಪೊರಕೆ ಹಿಡಿದುಕೊಂಡೇ ಸತ್ತಿದ್ದ.

ಶಾಸಕನ ಹೊಸ ಕಚೇರಿಯ ನೆಲದ ತುಂಬ ಕಿಟಕಿಯ ಗಾಜು. ನಡುವೆ ಮುಷ್ಟಿಗಾತ್ರದ ಆರು ಕಲ್ಲು. ಅದರಲ್ಲೊಂದು ಜವಾನನಾಗಿದ್ದ ಮುದುಕನ ತಲೆಗೆ ಬಡಿದಿತ್ತು. ಬೆಳಿಗ್ಗೆ ಏಳೂ ಹತ್ತಕ್ಕೆ ಎದುರಿನ ಔಷಧಿ ಅಂಗಡಿಯವನು ಸದ್ದು ಕೇಳಿದ್ದ. ಬೈಕೊಂದು ಹೋದದ್ದು ಬಿಟ್ಟರೆ ಅವನಿಗೇನೂ ಕಂಡಿರಲಿಲ್ಲ.

ಗೆದ್ದು ಹದಿನೇಳು ದಿನ. ಅಷ್ಟಕ್ಕೇ ಶಾಸಕನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಹೆಣ ಎತ್ತುವ ಮೊದಲೇ ಟಿವಿಯವರ ಮುಂದೆ ಕಣ್ಣೊರೆಸಿಕೊಂಡು, ತನಗೆ ಗನ್‌ಮ್ಯಾನ್ ಬೇಕೆಂದು ಕೇಳಿಯೂ ಆಗಿತ್ತು. ನೋಡಿ ಇನ್‌ಸ್ಪೆಕ್ಟರ್‌ಗೆ ಮೈಯೆಲ್ಲ ಉರಿಯಿತು. ಆಕೆ ತೋರಿಸಿಕೊಳ್ಳಲಿಲ್ಲ.

“ಇದು ಸೋತವರ ಕೆಲಸ ಮೇಡಂ,” ಎಂದ ಶಾಸಕ. “ಅವರ ಪೋಸ್ಟರ್ ಅಂಟಿಸೋನು ಮೊನ್ನೆ ಟೀ ಅಂಗಡೀಲಿ, ಇಲ್ಲಿಗೆ ಕಲ್ಲು ಹೊಡೀತೀನಿ ಅಂದಿದ್ದ. ಹತ್ತು ಜನ ಕೇಳಿದಾರೆ.”

*

ಪೋಸ್ಟರ್‌ನವನು ಲಾಕಪ್ಪಿನಲ್ಲಿ ಮುದುಡಿ ಕೂತಿದ್ದ. ಬೆರಳುಗಳಿಗೆ ಇನ್ನೂ ಗೋಂದು ಮೆತ್ತಿತ್ತು.

“ಬಾಯಿ ಚಪಲಕ್ಕೆ ಅಂದೆ ಮೇಡಂ.”

“ಏಳು ಗಂಟೆಗೆ ಎಲ್ಲಿದ್ದೆ?”

“ಮನೇಲಿ ಮಲಗಿದ್ದೆ. ಹೆಂಡ್ತೀನ ಕೇಳಿ.”

ಹೆಂಡತಿಯ ಮಾತನ್ನು ಯಾವ ಕೋರ್ಟು ನಂಬೀತು? ಅಷ್ಟರಲ್ಲಿ ಮೇಲಧಿಕಾರಿಯ ಫೋನು. “ಶಾಸಕರು ಎರಡು ಸಲ ಕೇಳಿದ್ರು. ಸಂಜೆಯೊಳಗೆ ಅವನ ಮೇಲೆ ಕೊಲೆ ಕೇಸು ಹಾಕಿ, ಕೋರ್ಟಿಗೆ ಕಳಿಸಿ.”

ಸಂಜೆಗೆ ಇನ್ನು ನಾಲ್ಕು ತಾಸು. ಇನ್‌ಸ್ಪೆಕ್ಟರ್ ಪೇದೆಯೊಬ್ಬನನ್ನು ಕರೆದುಕೊಂಡು ಮತ್ತೆ ಕಚೇರಿಗೆ ಹೋದಳು.

*

ಕಿಟಕಿಯ ಎದುರು ಗೋಡೆಯಲ್ಲಿ ಕಲ್ಲು ಬಡಿದ ಗುರುತುಗಳು. ಅವುಗಳ ನಡುವೆ ಒಂದು ದಪ್ಪ ಮೊಳೆ, ಸೊಟ್ಟಗಾಗಿತ್ತು. ತುದಿಗೆ ಕಲ್ಲಿನ ಪುಡಿ ಅಂಟಿತ್ತು.

“ಇಲ್ಲೇನಿತ್ತು?” ಅಲ್ಲೇ ಕೂತಿದ್ದ ಶಾಸಕನನ್ನು ಕೇಳಿದಳು.

“ನಮ್ಮ ನಾಯಕರ ಫೋಟೋ,” ಎಂದ ಶಾಸಕನ ಭಾವಮೈದ. ಒಳಕೋಣೆಯಿಂದ ಹೊತ್ತು ತಂದ. ಎರಡು ಕೈಗೂ ಸಾಲದಷ್ಟು ದೊಡ್ಡ ಚೌಕಟ್ಟು. “ಗಲಾಟೆ ಸುದ್ದಿ ಕೇಳಿ ಓಡಿಬಂದೆ. ಮೊದಲು ಇದನ್ನ ಇಳಿಸಿ ಒಳಗಿಟ್ಟೆ.”

“ಮುದುಕ ಅಲ್ಲಿ ಬಿದ್ದಿರೋವಾಗ?”

ಅವನು ಚೌಕಟ್ಟನ್ನು ಗೋಡೆಗೆ ಒರಗಿಸಿಟ್ಟ.

“ಸರಿ. ಮೊದಲು ಹೇಗಿತ್ತೋ ಹಾಗೇ ಗೋಡೆಗೆ ಹಿಡೀರಿ.”

ಹಿಡಿದ. ಮೊಳೆ ಚೌಕಟ್ಟಿನ ಹಿಂದೆ ಮರೆಯಾಯಿತು. ಕಲ್ಲಿನ ಗುರುತುಗಳೂ ಮರೆಯಾದವು.

“ಫೋಟೋ ಹಿಂದಿದ್ದ ಮೊಳೆಗೆ ಕಲ್ಲು ಹೇಗೆ ಬಡೀತು?” ಇನ್‌ಸ್ಪೆಕ್ಟರ್ ಫೋಟೋದ ಗಾಜಿನ ಮೇಲೆ ಬೆರಳಾಡಿಸಿದಳು. “ಇದಕ್ಕೆ ಒಂದು ಗೀರೂ ಇಲ್ಲ. ಅಂದ್ರೆ ಕಲ್ಲು ಬೀಳೋ ಮೊದಲೇ ಇಳಿಸಿದಾರೆ. ಕಲ್ಲು ಬೀಳುತ್ತೆ ಅಂತ ಗೊತ್ತಿದ್ದೋರೇ ಇಳಿಸಿದಾರೆ. ಸೋತವರ ಕಡೆಯೋನು ನಿಮ್ಮ ನಾಯಕರ ಫೋಟೋನ ಜೋಪಾನ ಮಾಡ್ತಾನಾ?”

ಭಾವಮೈದ ಫೋಟೋ ಕೆಳಗಿಟ್ಟ. ಶಾಸಕನ ಕಡೆ ತಿರುಗಿದ.

“ಭಾವನೇ ಹೇಳಿದ್ದು ಮೇಡಂ. ಕಲ್ಲು ಬಿದ್ರೆ ಗನ್‌ಮ್ಯಾನ್ ಕೊಡ್ತಾರೆ, ಜನ ಅಯ್ಯೋ ಅಂತಾರೆ, ನಾಯಕರ ಫೋಟೋ ಮಾತ್ರ ಒಡೀಬಾರದು, ಒಡೆದ್ರೆ ಮಂತ್ರಿ ಆಗೋದು ತಪ್ಪುತ್ತೆ ಅಂದ್ರು. ರಾತ್ರಿನೇ ಇಳಿಸಿದೆ. ಬೆಳಿಗ್ಗೆ ಹೊಡೆದೆ. ಒಳಗೆ ಜನ ಇರ್ತಾರೆ ಅಂತ ಯಾರೂ ಹೇಳಲಿಲ್ಲ.”

“ಮುಚ್ಚೋ ಬಾಯಿ,” ಎಂದು ಗದರಿದ ಶಾಸಕ. ಆಮೇಲೆ ಇನ್‌ಸ್ಪೆಕ್ಟರ್ ಕಡೆ ತಿರುಗಿ ದನಿ ತಗ್ಗಿಸಿದ. “ನೋಡಿ ಮೇಡಂ, ಮುದುಕ ಬರೋದು ಎಂಟಕ್ಕೆ ಅಂದ್ಕೊಂಡಿದ್ದೆ.”

ಬಾಗಿಲ ಬಳಿಯ ಪೇದೆ ಆ ಮಾತನ್ನು ಅಕ್ಷರ ಬಿಡದೆ ಬರೆದುಕೊಂಡ.

ಇನ್‌ಸ್ಪೆಕ್ಟರ್ ಠಾಣೆಗೆ ಫೋನ್ ಮಾಡಿ, ಪೋಸ್ಟರ್‌ನವನನ್ನು ಮನೆಗೆ ಕಳಿಸಲು ಹೇಳಿದಳು. ಆಮೇಲೆ ಶಾಸಕನ ಹತ್ತಿರ ಬಂದು ನಿಂತಳು.

“ಹದಿನೇಳು ದಿನವೂ ಅವನು ಏಳಕ್ಕೇ ಬಂದು ನಿಮ್ಮ ಕುರ್ಚಿ ಒರೆಸಿದಾನೆ. ಎಷ್ಟೊತ್ತಿಗೆ ಬರ್ತೀಯ ಅಂತ ನೀವು ಒಂದು ದಿನಾನೂ ಕೇಳಲಿಲ್ಲ. ನಡೀರಿ.”